ಬೀಡಿ ನೂಲಿನ ಗುರುತು

ರಮ್ಲಾ ಕುಚ್ಚಲಕ್ಕಿ ಅನ್ನ ಬಸಿಯಲೆಂದು ಪಾತ್ರೆ ಬಗ್ಗಿಸಿದ್ದಳಷ್ಟೆ, ಫೋನ್ ಬಂತು. ಎರಡೂ ಕೈ ಬಿಸಿ ಪಾತ್ರೆಯ ಮೇಲಿದ್ದವು. ಅತ್ತೆ ಬೀಫಾತಿಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಖದ ಹತ್ತಿರ ಹಿಡಿದರು.

“ಕರೆಂಟಿನ ತಂತಿ ಯಾವುದು?” ಗಂಡ ಬಶೀರ್ ಕೇಳಿದ. ಸಲಾಮೂ ಇಲ್ಲ, ಎಂತ ಮಾಡ್ತಾ ಇದ್ದೀ ಎಂಬುದೂ ಇಲ್ಲ.

“ಕೆಂಪು ನೂಲು ಕಟ್ಟಿದ್ದು.”

“ನೂಲು ಇಲ್ಲ.”

“ಬಿದ್ದು ಹೋಯ್ತಾ?”

“ತೆಗೆದೆ. ಎಲ್ಲ ತೆಗೆದು, ಅಂದಾಜಿನಲ್ಲಿ ಜೋಡಿಸಿ ಕಪ್ಪು ಟೇಪು ಸುತ್ತಿದೆ. ಈಗ ಸ್ಕ್ರೀನ್ ಬರುವುದಿಲ್ಲ, ಗಾಡಿಯೊಳಗಿನ ಲೈಟೂ ಇಲ್ಲ. ಎಂತದೋ ವಾಸನೆ ಬರ್ತಾ ಉಂಟು.”

ಗಂಜಿ ನೀರು ಹಾರಿ ರಮ್ಲಾಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಪಾತ್ರೆ ಬಿಡಲಿಲ್ಲ.

“ಬ್ಯಾಟರಿಯ ವಯರ್ ಬಿಚ್ಚಿ. ಮೊದಲು ಅದನ್ನು ಬಿಚ್ಚಿ, ಮತ್ತೆ ಮಾತಾಡುವ.”

ಬಶೀರನದ್ದು ಕೊಟ್ಟಾರದಲ್ಲಿ ಹೆದ್ದಾರಿಗೆ ಮುಖ ಮಾಡಿದ ಅಂಗಡಿ. ಗಾಡಿಯ ಜೊತೆ ಕಂಪೆನಿ ಕೊಟ್ಟ ಸ್ಪೀಕರುಗಳ ಸದ್ದು ಸಾಲದು ಎನ್ನುವವರಿಗೆ ದೊಡ್ಡ ಸ್ಪೀಕರು, ಆಂಪ್ಲಿಫೈಯರು, ಸೀಟಿನಡಿಗೆ ಊಫರು ಕೂರಿಸಿ ಕೊಡುವುದು ಅವನ ಕೆಲಸ. ದಮ್ಮಾಮಿನಲ್ಲಿದ್ದ ಕೆಲಸ ಬಿಟ್ಟು ಊರಿಗೆ ಬಂದು ಎಂಟು ವರ್ಷವಾಯಿತು. ಅವನ ಅಂಗಡಿಗೆ ಹೆಸರು ಬಂದದ್ದು ಒಂದೇ ಕಾರಣಕ್ಕೆ. ಅಲ್ಲಿ ಗಾಡಿಯ ಮೂಲ ತಂತಿಗಳಿಗೆ ಕತ್ತರಿ ಹಾಕುವುದಿಲ್ಲ. ಕತ್ತರಿ ಹಾಕಿದರೆ ಹೊಸ ಗಾಡಿಯ ವಾರಂಟಿ ಹೋಗುತ್ತದೆ. ಹಾಗಾಗಿ ಗಾಡಿಯ ತಂತಿಗೂ ಹೊಸ ಸೆಟ್ಟಿಗೂ ನಡುವೆ ಸಿಕ್ಕಿಸಲು ತಂತಿಗಳ ಒಂದು ಜೊಂಪೆ ಬೇಕು. ಅದಕ್ಕೆ ಕಪ್ಲರ್ ಎನ್ನುತ್ತಾರೆ. ಆ ಕಪ್ಲರುಗಳು ಎಲ್ಲಿಂದ ಬರುತ್ತವೆ ಎಂದು ಗಿರಾಕಿಗಳು ಕೇಳಿದರೆ ಬಶೀರ್ “ನಮ್ಮದೇ ವರ್ಕ್‌ಶಾಪ್ ಉಂಟು” ಎನ್ನುತ್ತಿದ್ದ.

ಆ ವರ್ಕ್‌ಶಾಪು ಬಿಜೈಯ ಓಣಿಯೊಂದರ ಅಡುಗೆಮನೆಯ ಮೇಜು. ಬೆಳಗಿನ ತಿಂಡಿಯ ಪಾತ್ರೆ ತೊಳೆದ ಮೇಲೆ, ಮಧ್ಯಾಹ್ನದ ಅನ್ನಕ್ಕೆ ನೀರಿಡುವುದಕ್ಕೆ ಮೊದಲು ಸಿಗುವ ಒಂದೂವರೆ ಗಂಟೆಯಲ್ಲಿ ರಮ್ಲಾ ಅಲ್ಲಿ ಬೆಸುಗೆ ಹಾಕುತ್ತಾಳೆ. ಬಂದರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ ಒಂಬತ್ತನೆಯ ವಯಸ್ಸಿನಿಂದ ಟಾರ್ಚ್ ಹಿಡಿದು ಕಲಿತ ವಿದ್ಯೆ ಅದು. ಮದುವೆಯಾಗಿ ಬಂದ ಮೇಲೆ ಹದಿಮೂರು ವರ್ಷ ಅತ್ತೆಯ ಪಕ್ಕ ಕೂತು ಬೀಡಿ ಕಟ್ಟಿದಳು. ಬಶೀರ್ ಅಂಗಡಿ ಇಟ್ಟಾಗ ಮೊರವನ್ನು ಗೋಡೆಗೆ ನೇತುಹಾಕಿ ಮತ್ತೆ ಬೆಸುಗೆ ಹಾಕುವ ಕಡ್ಡಿ ಹಿಡಿದಳು.

ತಂತಿ ಎಲ್ಲ ಒಂದೇ ಕಪ್ಪು ರೋಲಿನದ್ದು. ಕಪ್ಪಾದರೆ ಕಂಪೆನಿ ಮಾಲಿನ ಹಾಗೆ ಕಾಣುತ್ತದೆ ಎಂದು ಬಶೀರನ ಹಟ. ಹಾಗಾದರೆ ಗುರುತಿಗೆ ಎಂತ ಮಾಡುವುದು? ಬೀಡಿ ಮೊರದಲ್ಲಿ ಉಳಿದಿದ್ದ ನೂಲಿನ ಉಂಡೆಗಳನ್ನು ಬೀಫಾತಿಮ್ಮ ತೆಗೆದು ಕೊಟ್ಟಿದ್ದರು. ಬ್ಯಾಟರಿಯಿಂದ ಸದಾ ಕರೆಂಟು ಬರುವ ತಂತಿಗೆ ಕೆಂಪು ನೂಲು. ಕೀ ತಿರುಗಿಸಿದಾಗ ಮಾತ್ರ ಬರುವುದಕ್ಕೆ ನೀಲಿ. ನಾಲ್ಕು ಬಾಗಿಲಿನ ಸ್ಪೀಕರುಗಳಿಗೆ ಬಿಳಿ, ಒಂದರಿಂದ ನಾಲ್ಕು ಗಂಟು. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಗೊತ್ತಾಗುತ್ತಿತ್ತು. ಎಂಟು ವರ್ಷದಲ್ಲಿ ಒಂದು ಕಪ್ಲರೂ ವಾಪಸು ಬಂದಿರಲಿಲ್ಲ.

ಫೋನಿನಲ್ಲಿ ಬಶೀರ್ ಏದುಸಿರು ಬಿಡುತ್ತಿದ್ದ. “ಬಿಚ್ಚಿದೆ.”

“ನೂಲು ಯಾಕೆ ತೆಗೆದದ್ದು?”

“ಹೊಸ ನಾಲ್ಕು ಬಾಗಿಲಿನ ಪಿಕಪ್ಪು. ಅದರ ಓನರ್ ಯೋಗೀಶ್ ನಿನ್ನೆ ಬಂದು ಎಲ್ಲ ಬಗ್ಗಿ ಬಗ್ಗಿ ನೋಡಿದ. ಬೀಡಿ ನೂಲು ಕಂಡರೆ ಎಂತ ಅಂದ್ಕೊಳ್ತಾನೆ? ಐದು ಗಂಟೆಗೆ ಅವನಿಗೆ ಕದ್ರಿ ದೇವಸ್ಥಾನದಲ್ಲಿ ಗಾಡಿಪೂಜೆ. ನಾಲ್ಕಕ್ಕೆ ಬರ್ತಾನೆ.” ಸ್ವರ ಗಟ್ಟಿ ಮಾಡಿಕೊಂಡ. “ಇದೆಲ್ಲ ಸಾಕು ರಮ್ಲಾ. ಮನೆಯಲ್ಲಿ ಹೆಂಗಸು ಮಾಡಿದ್ದನ್ನು ಕಟ್ಟಿಕೊಂಡು ಮರ್ಯಾದೆ ಹೋಗ್ತಾ ಉಂಟು. ನಾಳೆಯಿಂದ ಬೆಂಗಳೂರಿನ ರೆಡಿಮೇಡ್ ಕಪ್ಲರ್ ತರಿಸ್ತೇನೆ. ಯೋಗೀಶನಿಗೂ ಕಪ್ಲರ್ ಸರಿ ಇರ್ಲಿಲ್ಲ ಅಂತಲೇ ಹೇಳುವುದು.”

ರಮ್ಲಾ ಪಾತ್ರೆಯನ್ನು ಕೆಳಗಿಟ್ಟಳು. ಅಂಗಡಿಯ ಮೂಲೆಯಲ್ಲಿ ತನಗೊಂದು ಮೇಜು ಬೇಕು ಎಂದು ಅವಳು ಕೇಳತೊಡಗಿ ಎರಡು ವರ್ಷವಾಗಿತ್ತು. ಈಗ ಮೇಜಿನ ಮಾತು ಹಾಗಿರಲಿ, ಕೆಲಸವೇ ಹೋಗುತ್ತಿತ್ತು, ಅದೂ ಅವಳು ಮಾಡದ ತಪ್ಪಿನ ಹೆಸರಿನಲ್ಲಿ.

“ಯಾವುದನ್ನೂ ಮುಟ್ಟಬೇಡಿ. ನಾನು ಬರ್ತೇನೆ.”

“ನೀನಾ? ಇಲ್ಲಿಗಾ?”

ಅವಳು ಫೋನ್ ಕಟ್ ಮಾಡಿದಳು.

“ಹೋಗು,” ಎಂದರು ಬೀಫಾತಿಮ್ಮ. “ಮೀನಿಗೆ ಮಸಾಲೆ ನಾನು ಹಾಕ್ತೇನೆ.”

“ನಿಮ್ಮ ಶುಗರಿನ ಇಂಜೆಕ್ಷನ್, ಉಮ್ಮ?”

“ಹತ್ತು ವರ್ಷದಿಂದ ಚುಚ್ಚಿಸಿಕೊಳ್ತಾ ಇದ್ದೇನೆ. ಎಲ್ಲಿಗೆ ಚುಚ್ಚುವುದು ಅಂತ ನನಗೆ ಗೊತ್ತಿಲ್ವಾ?” ಮುದುಕಿ ಗೋಡೆ ಹಿಡಿದುಕೊಂಡು ಹೋಗಿ ಮೇಜಿನಿಂದ ಬೆಸುಗೆ ಕಡ್ಡಿಯನ್ನೂ ಮೂರು ನೂಲಿನ ಉಂಡೆಗಳನ್ನೂ ತಂದು ಊಟದ ಬುತ್ತಿಯ ಚೀಲಕ್ಕೆ ಹಾಕಿದರು. “ನನ್ನ ಮಗ ಈ ನೂಲಿನಲ್ಲೇ ಬೆಳೆದದ್ದು. ಈಗ ಅವನಿಗೆ ನಾಚಿಕೆಯಂತೆ.”

ರಿಕ್ಷಾ ಕೊಟ್ಟಾರ ತಲುಪುವಾಗ ಒಂದು ಗಂಟೆ. ಬಶೀರ್ ಹೊರಗೆ ನಿಂತಿದ್ದ. ಅವಳು ಒಳಗೆ ಕಾಲಿಟ್ಟದ್ದೇ ಶಟರಿಗೆ ಕೈ ಹಾಕಿ ಅರ್ಧ ಎಳೆದ.

“ಶಟರ್ ಯಾಕೆ?”

“ಪಕ್ಕದ ಟಯರಿನವ ನೋಡ್ತಾನೆ.”

“ನೋಡಲಿ. ನನಗೆ ಬೆಳಕು ಬೇಕು. ಬೆಸುಗೆಯ ಹೊಗೆ ಹೋಗ್ಲಿಕ್ಕೆ ದಾರಿ ಬೇಕು.”

ಬಶೀರ್ ಅಲ್ಲಾಡಲಿಲ್ಲ. ರಮ್ಲಾಳೇ ಹೋಗಿ ಶಟರನ್ನು ಎರಡೂ ಕೈಯಿಂದ ಮೇಲಕ್ಕೆ ತಳ್ಳಿದಳು. ಬುರ್ಖಾ ಕಳಚಿ ಕೊಕ್ಕೆಗೆ ಹಾಕಿ, ತಲೆವಸ್ತ್ರ ಬಿಗಿದು ಕಟ್ಟಿ, ಪಿಕಪ್ಪಿನ ಮುಂದಿನ ಸೀಟಿನ ಎದುರು ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ ತಲೆಯನ್ನು ಡ್ಯಾಶ್‌ಬೋರ್ಡಿನಡಿಗೆ ತೂರಿಸಿದಳು. ಹೊಸ ಪ್ಲಾಸ್ಟಿಕ್ಕಿನ ವಾಸನೆಯ ಜೊತೆ ಬೆಂದ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು.

“ಟಾರ್ಚ್ ಹಿಡಿಯಿರಿ. ಅಲ್ಲಿ ಅಲ್ಲ, ನನ್ನ ಬೆರಳಿನ ಮೇಲೆ.”

ಫ್ಯೂಸ್ ಪೆಟ್ಟಿಗೆಯಲ್ಲಿ ನೀಲಿ ಫ್ಯೂಸ್ ಇರಬೇಕಾದಲ್ಲಿ ಹಸಿರು ಇತ್ತು. ನೀಲಿಯೆಂದರೆ ಹದಿನೈದು ಆಂಪಿಯರು. ಹಸಿರೆಂದರೆ ಮೂವತ್ತು.

“ಇದು ಯಾರು ಹಾಕಿದ್ದು?”

“ನೀಲಿ ಎರಡು ಸಲ ಹಾರಿತು. ಅದಕ್ಕೆ…”

ಹೆಚ್ಚು ಬಿಸಿಯಾದರೆ ತಾನೇ ಸುಟ್ಟು ಗಾಡಿಯನ್ನು ಉಳಿಸಲಿಕ್ಕೆ ಇರುವ ಫ್ಯೂಸು ಅದು. ಬಶೀರ್ ಅದು ಸುಡದ ಹಾಗೆ ಮಾಡಿದ್ದ. ಬಿಸಿ ಮುಂದೆ ಎಲ್ಲಿಗೆ ಹೋಗಿದೆ? ಅವಳು ಕಪ್ಪು ಟೇಪನ್ನು ಬಿಚ್ಚುತ್ತಾ ಬಂದಳು. ಕಪ್ಲರಿನ ತಂತಿಗಳಲ್ಲಿ ಎರಡು ಕರಗಿ ಒಂದಕ್ಕೊಂದು ಅಂಟಿದ್ದವು. ಇನ್ನು ಗಾಡಿಯ ತಂತಿ. ಅದೂ ಬೆಂದಿದ್ದರೆ ಡ್ಯಾಶ್‌ಬೋರ್ಡ್ ಪೂರ್ತಿ ಕಳಚಬೇಕು, ಪೂಜೆಯೂ ಇಲ್ಲ, ವಾರಂಟಿಯೂ ಇಲ್ಲ. ಅವಳು ಗಾಡಿಯ ತಂತಿಯನ್ನು ಬುಡದವರೆಗೂ ಬೆರಳಿನಲ್ಲಿ ಸವರಿದಳು. ನುಣುಪಾಗಿತ್ತು. ಮತ್ತೊಮ್ಮೆ ಸವರಿದಳು. ಎಲ್ಲಿಯೂ ಉಬ್ಬಿಲ್ಲ, ಅಂಟಿಲ್ಲ.

“ನನ್ನ ತಂತಿ ಸಪುರ, ಗಾಡಿಯದ್ದು ದಪ್ಪ. ನನ್ನದು ಬೆಂದು ಗಾಡಿಯದ್ದನ್ನು ಉಳಿಸಿದೆ,” ಎಂದಳು.

ಬಶೀರ್ “ಅಲ್‌ಹಮ್ದುಲಿಲ್ಲಾ” ಎಂದ.

ಬೆಂದ ಎರಡನ್ನು ಕತ್ತರಿಸಿ ಹೊಸ ತಂತಿಗೆ ಬೆಸುಗೆ ಹಾಕಿದಳು. ಸ್ಪೀಕರಿನ ತಂತಿಗಳದ್ದು ಬೇರೆ ಫಜೀತಿ. ಗುರುತಿಲ್ಲದೆ ಯಾವುದು ಯಾವ ಬಾಗಿಲಿಗೆ?

“ಗೋಡೆ ಗಡಿಯಾರದ ಸೆಲ್ ತೆಗೆದು ಕೊಡಿ.”

“ಗಡಿಯಾರದ್ದಾ?”

“ಕೊಡಿ ಮಾರಾಯ್ರೆ.”

ಗಡಿಯಾರ ಎರಡು ಗಂಟೆ ಹತ್ತು ನಿಮಿಷಕ್ಕೆ ನಿಂತಿತು. ರಮ್ಲಾ ಸೆಲ್ಲನ್ನು ಒಂದು ಜೋಡಿ ತಂತಿಗೆ ತಾಗಿಸಿದಾಗ ಎಲ್ಲೋ ಒಂದು ಸ್ಪೀಕರ್ ಟಪ್ ಎಂದು ಸಣ್ಣಗೆ ಸದ್ದು ಮಾಡಿತು. ಬಶೀರ್ ಒಂದೊಂದೇ ಬಾಗಿಲಿಗೆ ಕಿವಿ ಇಟ್ಟು ಸುತ್ತು ಬಂದ.

“ಎಲ್ಲಿ?”

“ಹಿಂದೆ. ಎಡ.”

“ಸರಿ ಕೇಳಿ ಹೇಳಿ.”

“ಎಡವೇ. ಕೇಳ್ತದಲ್ಲ ನನಗೆ.”

ಮೂರು ಗಂಟು. ಹೆಬ್ಬೆರಳಿಗೆ ನೂಲು ಸುತ್ತಿ, ಎಳೆದು, ಹಲ್ಲಿನಲ್ಲಿ ಕಡಿದಳು. ಬೀಡಿಯ ಸೊಂಟಕ್ಕೆ ಸಾವಿರಾರು ಸಲ ಹಾಕಿದ ಅದೇ ಗಂಟು. ಹೊರಗೆ ಹೆದ್ದಾರಿಯ ಬಸ್ಸುಗಳು ಹಾರನ್ ಹೊಡೆದುಕೊಂಡು ಹೋಗುತ್ತಿದ್ದವು. ಪ್ರತಿ ಸಲ ಬೈಕೊಂದು ನಿಧಾನವಾದಾಗಲೂ ಬಶೀರ್ ತಿರುಗಿ ನೋಡುತ್ತಿದ್ದ.

ಯೋಗೀಶ್ ನಾಲ್ಕಕ್ಕೆ ಬರಲಿಲ್ಲ. ಮೂರೂ ಕಾಲಿಗೇ ಬಂದ, ಗಾಡಿಗೆ ಹಾಕಲು ಸೇವಂತಿಗೆ ಮಾಲೆ ಹಿಡಿದುಕೊಂಡು. ಪಿಕಪ್ಪಿನ ತೆರೆದ ಬಾಗಿಲಿನಿಂದ ಎರಡು ಹೆಣ್ಣು ಪಾದಗಳು ಹೊರಗೆ ಚಾಚಿದ್ದವು.

“ಬಶೀರಾಕ, ಇದು ಯಾರು?”

“ನನ್ನ ಹೆಂಡತಿ. ಊಟ ತಂದದ್ದು.”

ಯೋಗೀಶ್ ಪಾದಗಳನ್ನು ನೋಡಿದ. “ಊಟ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಡಿಸ್ತಾರಾ?”

ರಮ್ಲಾ ಡ್ಯಾಶ್‌ಬೋರ್ಡಿನಡಿಯಿಂದ ತಲೆ ಹೊರಗೆ ತೆಗೆದಳು. ಕೆನ್ನೆಯ ಮೇಲೆ ಮಸಿ, ತುಟಿಯಲ್ಲಿ ಕೆಂಪು ನೂಲಿನ ತುದಿ. ಬಶೀರ್ ಅವಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಹೇಳಬೇಡ ಎಂಬ ಸನ್ನೆ. ಅವಳಿಗೆ ಅರ್ಥವಾಯಿತು. ಮೂವತ್ತರ ಹಸಿರು ಫ್ಯೂಸ್ ಅವಳ ಕಿಸೆಯಲ್ಲಿತ್ತು, ಅದರ ಜಾಗದಲ್ಲಿ ನೀಲಿ ಕೂತಿತ್ತು, ಈಗ ಎಲ್ಲವೂ ಸರಿಯಾಗಿತ್ತು, ಬಾಯಿ ಮುಚ್ಚಿಕೊಂಡರೆ ಯೋಗೀಶನಿಗೆ ಏನೂ ಗೊತ್ತಾಗುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಅವಳು ಊಟ ತಂದವಳಾಗಿಯೇ ಮನೆಗೆ ಹೋಗಬೇಕು.

“ಒಳಗೆ ಎರಡು ತಂತಿ ಸುಟ್ಟಿತ್ತು,” ಎಂದಳು. “ನಾನು ಬದಲಾಯಿಸಿದೆ.”

“ಸುಟ್ಟಿತ್ತಾ?” ಯೋಗೀಶನ ಸ್ವರ ಏರಿತು. “ಮೊನ್ನೆ ತಂದ ಗಾಡಿ ಮಾರಾಯ್ರೆ! ಸ್ಪೀಕರ್ ಹಾಕಿ ಅಂತ ಕೊಟ್ಟದ್ದು, ಸುಡಿ ಅಂತ ಅಲ್ಲ. ನನಗೆ ಯಾವ ದೊಡ್ಡ ಸ್ಪೀಕರೂ ಬೇಡ, ಹಳೇ ಸೆಟ್ಟೇ ಹಾಕಿ ಕೊಡಿ!”

“ಬೈಯಿರಿ. ಆದ್ರೆ ಮೊದಲು ನೋಡಿ.” ಸುಟ್ಟ ತುಂಡುಗಳನ್ನು ಅವನ ಅಂಗೈಗೆ ಹಾಕಿದಳು. ಟಾರ್ಚನ್ನು ಗಂಡನ ಕೈಯಿಂದ ತೆಗೆದುಕೊಂಡು ಒಳಗೆ ಹಿಡಿದಳು. “ಅದು ನಮ್ಮ ತಂತಿ. ಇದು ನಿಮ್ಮ ಗಾಡಿಯದ್ದು. ಮುಟ್ಟಿ ನೋಡಿ, ಏನೂ ಆಗ್ಲಿಲ್ಲ.”

ಯೋಗೀಶ್ ಮಾಲೆಯನ್ನು ಸೀಟಿನ ಮೇಲಿಟ್ಟು ಬಗ್ಗಿದ. ಬಹಳ ಹೊತ್ತು ಮುಟ್ಟಿ ನೋಡಿದ.

“ಈ ನೂಲು ಎಂತದ್ದು?”

“ಗುರುತು. ನಾನು ಕಟ್ಟಿದ್ದು. ಕಪ್ಲರ್ ಮಾಡುವುದು ನಾನು.”

“ಹಾಗಾದ್ರೆ ಸುಟ್ಟದ್ದು ಯಾಕೆ?”

“ಗುರುತು ತೆಗೆದದ್ದಕ್ಕೆ.”

“ತೆಗೆದದ್ದು ಯಾರು?”

ರಮ್ಲಾ ನೂಲಿನ ಉಂಡೆ ಸುತ್ತುತ್ತಾ ನಿಂತಳು. ಹೊರಗೆ ಟಯರಿನವ ಸ್ಪ್ಯಾನರ್ ಹಿಡಿದು ಇಣುಕುತ್ತಿದ್ದ.

“ನಾನು,” ಎಂದ ಬಶೀರ್.

ಯೋಗೀಶ್ ಅವನನ್ನೂ ನೋಡಿದ, ಇವಳನ್ನೂ ನೋಡಿದ. ಬ್ಯಾಟರಿಯ ವಯರ್ ಜೋಡಿಸಿ ಆಗಿತ್ತು. “ಕೀ ನೀವೇ ತಿರುಗಿಸಿ,” ಎಂದಳು ರಮ್ಲಾ. ಫ್ಯೂಸ್ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಬಿಸಿಯಾದರೆ ಅವಳ ಕೈಗೇ ಮೊದಲು ಗೊತ್ತಾಗಬೇಕು.

ಒಳಗಿನ ಲೈಟು ಹತ್ತಿತು. ಸ್ಕ್ರೀನ್ ಕಪ್ಪಗೇ ಇತ್ತು. ಒಂದು, ಎರಡು, ಮೂರು, ನಾಲ್ಕು. ಬಶೀರ್ ಕಣ್ಣು ಮುಚ್ಚಿದ. ಆಮೇಲೆ ಸ್ಕ್ರೀನ್ ಬೆಳಗಿತು, ಆಕಾಶವಾಣಿಯ ಉದ್ಘೋಷಕಿಯ ಸ್ವರ ನಾಲ್ಕೂ ಬಾಗಿಲಿನಿಂದ ಒಮ್ಮೆಲೇ ಬಂತು. ಊಫರು ಸೀಟನ್ನು ಗುಂಯ್ ಎಂದು ನಡುಗಿಸಿತು. ರಮ್ಲಾ ಕೈ ತೆಗೆಯಲಿಲ್ಲ. ಹತ್ತು ನಿಮಿಷ ಹಾಗೆಯೇ ನಿಂತಳು. ಪೆಟ್ಟಿಗೆ ತಣ್ಣಗಿತ್ತು.

“ನಿಮ್ಮ ನಂಬರ್ ಕೊಡಿ ಅಕ್ಕ,” ಎಂದ ಯೋಗೀಶ್. “ಇನ್ನು ಎಂತಾದ್ರೂ ಆದ್ರೆ ನಾನು ನಿಮ್ಮನ್ನೇ ಕೇಳುವುದು.”

“ಶಾಪಿನ ನಂಬರ್ ಉಂಟಲ್ಲ,” ಎಂದ ಬಶೀರ್ ಬೇಗ.

“ಶಾಪಿನದ್ದು ನನಗೆ ಬೇಡ.”

“ಶಾಪಿಗೇ ಮಾಡಿ,” ಎಂದಳು ರಮ್ಲಾ. “ನಾನು ಇಲ್ಲೇ ಇರ್ತೇನೆ.”

ಪಿಕಪ್ಪು ಮಾಲೆ ಹಾಕಿಕೊಂಡು ಕದ್ರಿಯ ಕಡೆ ಹೋಯಿತು. ಬಶೀರ್ ಖಾಲಿ ಜಾಗವನ್ನು ನೋಡುತ್ತಾ ನಿಂತ. ರಮ್ಲಾ ಸೆಲ್ಲನ್ನು ಗಡಿಯಾರಕ್ಕೆ ಹಾಕಿ ಮುಳ್ಳು ತಿರುಗಿಸಿ ಸಮಯ ಸರಿ ಮಾಡಿದಳು. ಆಮೇಲೆ ಮೂಲೆಯ ಮೇಜಿನ ಮೇಲೆ ಸುಮ್ಮನೆ ಪೇರಿಸಿಟ್ಟಿದ್ದ ಸ್ಪೀಕರಿನ ಖಾಲಿ ಡಬ್ಬಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಬೆಸುಗೆ ಕಡ್ಡಿಯನ್ನೂ ಮೂರು ನೂಲಿನ ಉಂಡೆಗಳನ್ನೂ ಅಲ್ಲಿಟ್ಟಳು.

“ಹಸಿವಾಗ್ತದೆ,” ಎಂದ ಬಶೀರ್ ಮೆಲ್ಲಗೆ. “ಚೀಲದಲ್ಲಿ ಊಟ ಉಂಟಾ?”

“ಇಲ್ಲ. ಊಟ ತರಲಿಕ್ಕೆ ನಾನು ಬಂದದ್ದಲ್ಲ.” ಅವಳು ಬುರ್ಖಾ ಹಾಕಿಕೊಂಡಳು. “ನಾಳೆ ಹತ್ತಕ್ಕೆ ಬರ್ತೇನೆ. ಅಕ್ಕಿ ಬೆಳಿಗ್ಗೆ ನೀವು ತೊಳೆದಿಡಿ, ನೀರು ಎಷ್ಟು ಅಂತ ಉಮ್ಮ ಹೇಳ್ತಾರೆ.”

ಬಶೀರ್ ಮೇಜಿನ ಮೇಲಿನ ಕೆಂಪು ಉಂಡೆಯನ್ನು ನೋಡಿದ. ಬಗ್ಗಿ, ನೆಲದ ಡಬ್ಬಗಳನ್ನು ಎತ್ತಿ ಒಳಗಿನ ಕೋಣೆಗೆ ಒಯ್ಯತೊಡಗಿದ.