ಕುರ್ಚಿ ಬಿಟ್ಟು ಏಳುವ ವಿದ್ಯೆ

ಊರಿನ ಅರ್ಧ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿದ ಮನುಷ್ಯ ಅವಳ ಅಪ್ಪ. ಲಿಫ್ಟ್ ರಿಪೇರಿ ಅವನ ಕಸುಬು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಒಳಗಿನಿಂದ ಬಾಗಿಲು ಬಡಿದುಕೊಳ್ಳುತ್ತಿದ್ದರೆ, ಇವನು ಹೊರಗೆ ನಿಂತು “ಗಾಬರಿ ಆಗ್ಬೇಡಿ, ನಾನಿದ್ದೀನಿ” ಎನ್ನುತ್ತ ಆರಾಮವಾಗಿ ಚೀಲದಲ್ಲಿ ಸ್ಪ್ಯಾನರ್ ಹುಡುಕುವವನು. ಇಂಥವನ ಸಂಸಾರ ಇದ್ದದ್ದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಮಂಡಿ ಎರಡೂ ಹೋದ ಮೇಲೆ ಅಮ್ಮ ಕೆಳಗಿಳಿಯುವುದನ್ನೇ ಬಿಟ್ಟಿದ್ದಳು. ಕಿಟಕಿಯ ಪಕ್ಕ ಸ್ಟೂಲ್ ಹಾಕಿಕೊಂಡು ಬೀದಿಯನ್ನು ನೋಡುವುದೇ ಅವಳ ಓಡಾಟ. “ನನ್ನ ಗಂಡ ಲೋಕಕ್ಕೆಲ್ಲ ಲಿಫ್ಟ್ ಹಾಕಿದ, ನನಗೆ ಮೆಟ್ಟಿಲು ಹಾಕಿದ” ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು. ಅವರೆಲ್ಲ ಹೋದ ಮೇಲೆ ಒಬ್ಬಳೇ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಅಪ್ಪ ನಿವೃತ್ತನಾದಾಗ ಕಂಪನಿ ಒಂದು ಇಡುಗಂಟು ಕೊಟ್ಟಿತು. ಅದೇನಾಗಬೇಕು ಎಂಬುದರಲ್ಲಿ ಮನೆಯ ಮೂವರಿಗೂ ಎರಡನೆಯ ಮಾತಿರಲಿಲ್ಲ. ಎದುರು ಸಾಲಿನಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಾಗುವುದರಲ್ಲಿತ್ತು. ಎರಡೇ ಕೋಣೆ, ಆದರೆ ಬಾಗಿಲು ತೆರೆದರೆ ನೇರ ಬೀದಿ. ತಿಂಗಳ ಕೊನೆಗೆ ಮುಂಗಡ ಕೊಟ್ಟರೆ ಸಾಕೆಂದು ಮನೆಯ ಮಾಲೀಕ ಒಪ್ಪಿದ್ದ. ಅಮ್ಮ ಆಗಲೇ ಕಿಟಕಿಯಿಂದ ಆ ಬಾಗಿಲನ್ನು ನೋಡುತ್ತ, ಪರದೆಗೆ ಯಾವ ಬಣ್ಣದ ಬಟ್ಟೆ ತರುವುದೆಂದು ಮಗಳ ತಲೆ ತಿನ್ನಲು ಶುರುಮಾಡಿದ್ದಳು.

ಮಗಳು ಮೊದಲು ಪುಸ್ತಕಕ್ಕೆ ರಟ್ಟು ಹಾಕುವ ಕಾರ್ಖಾನೆಯಲ್ಲಿ ಹಾಳೆ ಮಡಿಸುತ್ತಿದ್ದವಳು. ಅಲ್ಲಿ ಯಂತ್ರ ಬಂದು ಅರ್ಧ ಜನಕ್ಕೆ ಕೆಲಸ ಹೋದಾಗ, ಅವಳ ಕೈಯ ಚುರುಕು ನೋಡಿದ್ದ ಗೆಳತಿಯೊಬ್ಬಳು ಇಸ್ಪೀಟ್ ಕ್ಲಬ್ಬಿಗೆ ಸೇರಿಸಿದಳು. ಪೋಕರ್ ಮೇಜಿನಲ್ಲಿ ಎಲೆ ಹಂಚುವ ಕೆಲಸ. ಹಂಚುವವಳು ಆಡುವಂತಿಲ್ಲ, ಯಾರ ಪರವಾಗಿಯೂ ಹುಬ್ಬು ಕೂಡ ಹಾರಿಸುವಂತಿಲ್ಲ. ಅವಳು ಗದರಿದರೆ ಎಂಥ ಗಡಸು ಗಿರಾಕಿಯೂ ತೆಪ್ಪಗಾಗುತ್ತಿದ್ದನಾದ್ದರಿಂದ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು.

ಅಪ್ಪ ಆ ಕ್ಲಬ್ಬಿಗೆ ಬಂದದ್ದು ಹೊತ್ತು ಹೋಗದೆ. ನಿವೃತ್ತನಾಗಿ ಮನೆಯಲ್ಲಿ ಕೂತವನಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಭಾನುವಾರ ಅಲ್ಲಿ ಟೂರ್ನಮೆಂಟ್ ನಡೆಯುತ್ತದೆ, ಸಣ್ಣ ಪ್ರವೇಶ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆಡಬಹುದು ಎಂದು ಮಗಳೇ ಬಾಯಿ ತಪ್ಪಿ ಹೇಳಿದ್ದಳು. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮನಾಗಿ ಬಿಲ್ಲೆ ಕೊಡುತ್ತಾರೆ. ಅವು ದುಡ್ಡಲ್ಲ, ಬರೀ ಬಿಲ್ಲೆ. ಆಗಾಗ ಗಂಟೆ ಬಾರಿಸುತ್ತಾರೆ, ಬಾರಿಸಿದಾಗಲೆಲ್ಲ ಕಟ್ಟಲೇಬೇಕಾದ ಪಣ ಏರುತ್ತದೆ. ಒಳ್ಳೆಯ ಎಲೆ ಬರಲಿ ಎಂದು ಕೈಕಟ್ಟಿ ಕೂತವನ ಬಿಲ್ಲೆ ಕೂತಲ್ಲೇ ಕರಗುತ್ತದೆ. ಬಿಲ್ಲೆ ಮುಗಿದವನು ಎದ್ದು ಮನೆಗೆ. ಕೊನೆಗೆ ಉಳಿದವನೇ ಗೆದ್ದವನು.

ಮೊದಲ ಎರಡು ಭಾನುವಾರ ಅಪ್ಪ ಬಂದಷ್ಟೇ ಬೇಗ ಮನೆ ಸೇರಿದ. ಮೂರನೆಯ ಭಾನುವಾರ ಗೆದ್ದೇಬಿಟ್ಟ. ಅದೇನು ಅದೃಷ್ಟದ ಗೆಲುವಲ್ಲ, ಮಗಳು ಪಕ್ಕದ ಮೇಜಿನಿಂದ ಕಣ್ಣಾರೆ ಕಂಡಿದ್ದಳು. ಒಂದು ಹಂತದಲ್ಲಿ ಅವನ ಮುಂದೆ ಒಂದೇ ಬಿಲ್ಲೆ ಉಳಿದಿತ್ತು. ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಅಪ್ಪ ಅದೊಂದನ್ನೇ ಹಿಡಿದು ಎರಡಾಗಿಸಿದ, ನಾಲ್ಕಾಗಿಸಿದ. ಗಂಟೆ ಬಾರಿಸುವ ಮುಂಚೆ, ಕೈಯಲ್ಲಿ ಏನೇ ಎಲೆ ಇರಲಿ, ಇದ್ದದ್ದನ್ನೆಲ್ಲ ಧೈರ್ಯವಾಗಿ ಮುಂದೆ ತಳ್ಳಿ ಎದುರಿನವರನ್ನು ಹೆದರಿಸಿದ. ಸಂಜೆ ಕಪ್ ಹಿಡಿದು ನಾಲ್ಕು ಮಹಡಿ ಓಡಿ ಹತ್ತಿದ. ಅಮ್ಮ ಆ ಕಪ್ಪಿನೊಳಗೆ ತನ್ನ ಮುಖ ನೋಡಿಕೊಂಡು ತಲೆ ಬಾಚಿಕೊಂಡಳು.

ಹಾಳಾಗಿ ಹೋಗಲಿ ಆ ಕಪ್! ಸೋತಿದ್ದರೆ ಮನೆ ಉಳಿಯುತ್ತಿತ್ತು.

ಗೆದ್ದ ಮಾರನೆಯ ದಿನವೇ ಅಪ್ಪನ ಕಣ್ಣು ನಗದು ಮೇಜಿನ ಮೇಲೆ ಬಿತ್ತು. ಅಲ್ಲಿ ಬಿಲ್ಲೆಯೆಂದರೆ ದುಡ್ಡೇ. ಗಂಟೆಯಿಲ್ಲ, ಪಣ ಏರುವುದಿಲ್ಲ. ಯಾವಾಗ ಬೇಕಾದರೂ ಕೂರಬಹುದು, ಯಾವಾಗ ಬೇಕಾದರೂ ಏಳಬಹುದು. ಮುಗಿದರೆ ಜೇಬಿಗೆ ಕೈಹಾಕಿ ಇನ್ನಷ್ಟು ಕೊಳ್ಳಬಹುದು.

“ಹಾಲ್ ತುಂಬ ಇದ್ದವರನ್ನೆಲ್ಲ ಮಣ್ಣು ಮುಕ್ಕಿಸಿದೀನಿ ಕಣೇ,” ಎಂದ ಅಪ್ಪ. “ಇಲ್ಲಿ ಕೂತಿರೋದು ಆರೇ ಜನ. ಇದೇನು ಮಹಾ?”

“ಅದೇ ಬೇರೆ ಆಟ, ಇದೇ ಬೇರೆ ಆಟ ಅಪ್ಪಾ,” ಎಂದಳು ಮಗಳು. “ಅಲ್ಲಿ ಬಿಡದೆ ಕೂತವನು ಗೆಲ್ತಾನೆ. ಇಲ್ಲಿ ಎದ್ದು ಹೋಗೋಕೆ ಬರೋವನು ಗೆಲ್ತಾನೆ. ಮೊಸಳೇನ ನೋಡಿದ್ಯಲ್ಲ?”

ಮೊಸಳೆ ಎಂದರೆ ನಗದು ಮೇಜಿನ ಖಾಯಂ ಗಿರಾಕಿ, ಔಷಧಿ ಅಂಗಡಿಯ ಮುದುಕ. ನೀರಿನ ಬಾಟಲಿ ಇಟ್ಟುಕೊಂಡು ಅಲುಗಾಡದೆ ಕೂರುತ್ತಿದ್ದ. ಬಂದ ಎಲೆಗಳನ್ನೆಲ್ಲ ಬೇಡವೆಂದು ಬಿಸಾಡುತ್ತಿದ್ದ. ಯಾವಾಗಲೋ ಒಮ್ಮೆ ಬಾಯಿ ತೆರೆದು ಪಣ ಇಟ್ಟರೆ ಎದುರಿನವನ ಕಥೆ ಮುಗಿಯಿತು. ಮೇಜಿನಲ್ಲಿ ತನಗಿಂತ ಜಾಣರು ಸೇರಿದರೆಂದು ಅನ್ನಿಸಿದ ಕೂಡಲೇ ಬಾಟಲಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದ. ಇದೇ ಮನುಷ್ಯ ಟೂರ್ನಮೆಂಟಿಗೆ ಕೂತರೆ ಮೂರು ಸಲ ಗಂಟೆ ಬಾರಿಸುವುದರೊಳಗೆ ಹೊರಗೆ. “ಆ ಗಂಟೆ ಕೇಳಿದ್ರೆ ನನ್ನ ಎದೆ ಡವಡವ ಅನ್ನುತ್ತೆ ಟೀಚರ್, ನನ್ನಿಂದ ಆಗೋಲ್ಲ” ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡಿದ್ದ. ಅಪ್ಪನಿಗೆ ಆ ನಾಚಿಕೆಗೇಡಿತನವೇ ಇರಲಿಲ್ಲ. ತನಗೆ ಬಾರದ್ದೂ ಒಂದಿದೆ ಎಂದು ಒಪ್ಪಿಕೊಳ್ಳಲು ಅವನು ಯಾವತ್ತೂ ಕಲಿತಿರಲಿಲ್ಲ.

ಸಂಬಂಧಿಕರು ಒಂದೇ ಮೇಜಿನಲ್ಲಿ ಇರಬಾರದೆಂಬುದು ಕ್ಲಬ್ಬಿನ ನಿಯಮ. ನಗದು ಮೇಜಿನಲ್ಲಿ ಹಂಚುತ್ತಿದ್ದವಳು ಅವಳೇ. ಕೂತವನು ತನ್ನ ಅಪ್ಪನೆಂದು ಹೇಳಿದ್ದರೆ ಅವಳನ್ನು ಬೇರೆ ಮೇಜಿಗೆ ಹಾಕುತ್ತಿದ್ದರು, ಅಪ್ಪ ಅಲ್ಲೇ ಕೂತಿರುತ್ತಿದ್ದ. ಕಣ್ಣೆದುರಿಗಾದರೂ ಇರಲಿ ಎಂದು ಅವಳು ಬಾಯಿಮುಚ್ಚಿಕೊಂಡಳು. ಅಪ್ಪನಿಗೂ ಅದೇ ಬೇಕಿತ್ತು. ಮಗಳ ಕೈಗುಣ ಒಳ್ಳೆಯದು, ಅವಳು ಹಂಚಿದರೆ ಒಳ್ಳೆಯ ಎಲೆಯೇ ಬರುತ್ತದೆ ಎಂದು ಅವನ ನಂಬಿಕೆ. ಹೀಗೆ ಹೆತ್ತ ಅಪ್ಪನನ್ನು ಅವಳು “ಸರ್” ಎಂದು ಕರೆಯತೊಡಗಿದಳು.

ಒಂದು ವಾರದಲ್ಲಿ ಇಡುಗಂಟು ಸೊರಗಿತು. ಮನೆಯಲ್ಲಿ ಮಗಳು ಕಾಲು ಹಿಡಿಯುವುದೊಂದು ಬಾಕಿ. “ಸೋತಿದ್ದೇ ಸಾಕು, ಬಿಟ್ಟುಬಿಡು” ಎಂದರೆ, “ಬಿಟ್ಟು ಬರೋದು ನನ್ನ ಜಾಯಮಾನದಲ್ಲೇ ಇಲ್ಲ. ಒಂದು ಬಿಲ್ಲೆಯಿಂದ ಎದ್ದು ಬಂದವನು ನಾನು” ಎನ್ನುತ್ತಿದ್ದ. ಅವನನ್ನು ಗೆಲ್ಲಿಸಿದ್ದ ಗುಣವೇ ಈಗ ಅವನ ಕುತ್ತಿಗೆಗೆ ಬಂದಿತ್ತು. ಅಮ್ಮನಿಗೆ ಹೇಳೋಣವೆಂದರೆ ಅವಳು ಪರದೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು.

ತಿಂಗಳು ಮುಗಿಯಲು ಎರಡು ದಿನ ಇರುವಾಗ, ಮಧ್ಯಾಹ್ನ, ಅಪ್ಪ ಉಳಿದದ್ದನ್ನೆಲ್ಲ ತಂದು ಅವಳ ಎಡಗೈ ಪಕ್ಕದ ಕುರ್ಚಿಯಲ್ಲೇ ಕೂತ. ಹೊರಗೆ ಒಳ್ಳೆಯ ಬಿಸಿಲು. ಕ್ಲಬ್ಬಿನೊಳಗೆ ಕಿಟಕಿಗೆಲ್ಲ ದಪ್ಪ ಬಟ್ಟೆ ಇಳಿಬಿಟ್ಟಿದ್ದರಿಂದ ಹೊತ್ತೆಷ್ಟೆಂದು ತಿಳಿಯುತ್ತಿರಲಿಲ್ಲ. ಅರ್ಧದಷ್ಟು ಬಿಲ್ಲೆ ಹೋದ ಮೇಲೆ ಅಪ್ಪನ ತುಟಿ ಒಣಗಿತು. ಅವನು ಆಗಾಗ ಗೋಡೆಯ ಕಡೆ ನೋಡುವುದನ್ನು ಮಗಳು ಕಂಡಳು. ಅಲ್ಲಿ ಭಾನುವಾರದ ಗಂಟೆ ನೇತುಹಾಕಿತ್ತು. ಇವತ್ತು ಅದನ್ನು ಬಾರಿಸುವವರು ಯಾರೂ ಇರಲಿಲ್ಲ, ಆದರೂ ಅಪ್ಪ ಅದಕ್ಕೆ ಹೆದರುತ್ತಿದ್ದ. ಇನ್ನೇನು ಕರಗಿಹೋಗುತ್ತದೆ, ಅಷ್ಟರೊಳಗೆ ಎಲ್ಲವನ್ನೂ ತಳ್ಳಬೇಕು ಎಂದು ಅವನ ತಲೆ ಹೇಳುತ್ತಿತ್ತು.

ಅವಳು ಹಂಚಿದಳು. ಮೊಸಳೆ ಆ ಹೊತ್ತಿಗೆ ಮೊದಲ ಸಲ ಬಾಯಿ ತೆರೆದು ದೊಡ್ಡ ಪಣ ಇಟ್ಟ.

“ಸರ್, ನಿಮ್ಮ ಸರದಿ,” ಎಂದಳು.

ಅಪ್ಪ ತನ್ನ ಎರಡು ಎಲೆಗಳನ್ನು ನೋಡಿ ಕವುಚಿ ಇಟ್ಟ. ಆಮೇಲೆ ಪಕ್ಕಕ್ಕೆ ತಿರುಗಿ ಅಲ್ಲಿದ್ದ ಬಿಲ್ಲೆಗಳನ್ನು ಎರಡೂ ಕೈಯಿಂದ ಬಾಚಿಕೊಳ್ಳತೊಡಗಿದ. ಎಲ್ಲ ತಳ್ಳುವವನಿದ್ದಾನೆಂದು ಅವಳಿಗೆ ಗೊತ್ತಾಯಿತು. ಪೋಕರಿನಲ್ಲಿ ತನ್ನ ಎಲೆಗಳನ್ನು ತಾನೇ ಕಾಯ್ದುಕೊಳ್ಳಬೇಕು, ಅವುಗಳ ಮೇಲೆ ಒಂದು ಬಿಲ್ಲೆಯನ್ನಾದರೂ ಇಟ್ಟಿರಬೇಕು. ಹಾಗೆ ಇಡದ ಎಲೆಗಳನ್ನು ಹಂಚುವವಳು ಬೇಡವಾದದ್ದೆಂದು ತಿಳಿದು ಬಿಸಾಡಿದ ಎಲೆಗಳ ಗುಡ್ಡೆಗೆ ಸೇರಿಸಿದರೆ ಮುಗಿಯಿತು, ಅವು ಸತ್ತವು, ಯಾರು ಬಾಯಿ ಬಡಿದುಕೊಂಡರೂ ಆ ಕೈ ಮತ್ತೆ ಬದುಕುವುದಿಲ್ಲ. ಅಪ್ಪನ ಎಲೆಗಳ ಮೇಲೆ ಏನೂ ಇರಲಿಲ್ಲ. ಅವಳ ಕೈ ಹೋಗಿ ಆ ಎರಡನ್ನೂ ಎತ್ತಿ ಗುಡ್ಡೆಯೊಳಗೆ ಸೇರಿಸಿಬಿಟ್ಟಿತು. ಎತ್ತುವಾಗ ಅವಳಿಗೆ ಎಲೆ ಕಂಡವು. ಒಂದು ಏಳು, ಒಂದು ನಾಲ್ಕು. ಬಣ್ಣವೂ ಬೇರೆ ಬೇರೆ, ಯಾವ ಕೆಲಸಕ್ಕೂ ಬಾರದ ಜೋಡಿ.

ಅಪ್ಪ ತಿರುಗಿ ನೋಡಿದ. ಎಲೆ ಇಟ್ಟಿದ್ದ ಜಾಗ ಖಾಲಿ.

“ಅಯ್ಯೋ ಮಗಳೇ, ಏನೇ ಮಾಡ್ಬಿಟ್ಟೆ!”

ಮ್ಯಾನೇಜರ್ ಬಂದ. “ಮಗಳಾ?” ಎಂದು ಒಂದೇ ಮಾತು ಕೇಳಿದ. ಮುಚ್ಚಿಟ್ಟದ್ದಕ್ಕೆ ಇಬ್ಬರೂ ಇನ್ನು ಕ್ಲಬ್ಬಿನ ಹೊಸ್ತಿಲು ತುಳಿಯಬಾರದೆಂದ. ಮೊಸಳೆ ಮಾತ್ರ “ಹೋಗ್ಲಿ ಬಿಡಿ, ಮೇಜಿನ ಮೇಲಿರೋದು ಅವರದು, ಕೊಟ್ಟು ಕಳ್ಸಿ” ಎಂದು ಅಪ್ಪನ ಪರ ಮಾತಾಡಿದ. ಅಪ್ಪನ ಮುಂದಿದ್ದ ಬಿಲ್ಲೆಗಳಿಗೆ ದುಡ್ಡು ಎಣಿಸಿ ಕೊಟ್ಟರು. ಅವಳು ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಕೆಲಸ ಹೋಗಿತ್ತು, ಆದರೂ ಬಿಸಿಲಿಗೆ ಬಂದಾಗ ಅವಳಿಗೆ ಉಸಿರಾಡಲು ಸಾಧ್ಯವಾಯಿತು. ಮುಂಗಡದ ಅರ್ಧ ಉಳಿದಿತ್ತು. ಕಾಲಿಗೆ ಬಿದ್ದಾದರೂ ಮಾಲೀಕನನ್ನು ಒಪ್ಪಿಸಬಹುದು.

ಮನೆಗೆ ಹೋಗಿ ಅವಳು ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿ ದುಡ್ಡು ಕೈಗಿಟ್ಟಳು. ಅಮ್ಮ ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಗಂಡನ ಮುಖ ನೋಡಿದಳು. ಅಪ್ಪ ಗೋಡೆಗೊರಗಿ ನೆಲದ ಮೇಲೆ ಕುಕ್ಕರಿಸಿದ್ದ. ಅವನು ಇಷ್ಟು ಚಿಕ್ಕವನಾಗಿ ಮಗಳಿಗೆ ಯಾವತ್ತೂ ಕಂಡಿರಲಿಲ್ಲ.

“ಎರಡು ರಾಜ ಇದ್ವು ಕಣೇ,” ಎಂದ ಹೆಂಡತಿಗೆ. “ಕೈಯಲ್ಲಿ ಎರಡು ರಾಜ. ಹೋಗಿದ್ದೆಲ್ಲ ಒಂದೇ ಏಟಿಗೆ ವಾಪಸ್ ಬರ್ತಿತ್ತು. ಇವಳು ತೆಗೆದು ಬಿಸಾಕಿದ್ಲು.”

“ಹೌದೇನೇ?” ಮಗಳ ಕಡೆ ತಿರುಗಿದಳು ಅಮ್ಮ. “ನೀನು ನೋಡಿದ್ಯಾ?”

ಅಪ್ಪನೂ ಅವಳ ಕಡೆ ನೋಡಿದ. ಕಪ್ ಗೆದ್ದವನ ಕಣ್ಣಲ್ಲ ಅದು. ಹೆಂಡತಿಯೆದುರು ಇದೊಂದನ್ನಾದರೂ ಉಳಿಸಿಕೊಡು ಎಂದು ಬೇಡುವ ಕಣ್ಣು. ಏಳು, ನಾಲ್ಕು ಎಂದು ಹೇಳಿ ಈಗ ಯಾರಿಗೇನು ಲಾಭ? ಕ್ಲಬ್ಬಿನ ಬಾಗಿಲು ಮುಚ್ಚಿತು, ದುಡ್ಡು ಅಮ್ಮನ ಸೆರಗಿನಲ್ಲಿದೆ. ಒಂದು ಸುಳ್ಳಿಗೆ ಖರ್ಚೇನೂ ಇಲ್ಲ ಎಂದುಕೊಂಡಳು.

“ಹೌದಮ್ಮ, ರಾಜಾನೇ. ನಾನು ತಪ್ಪು ಮಾಡ್ಬಿಟ್ಟೆ.”

ಅಪ್ಪ ಮುಖ ಮುಚ್ಚಿಕೊಂಡು ಅತ್ತ.

ಮಾರನೆಯ ದಿನ ಅವಳು ಬೆಳಿಗ್ಗೆಯೇ ಹಳೆಯ ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಮುಂದೆ ನಿಂತಳು. ಗೋಗರೆದ ಮೇಲೆ ದಿನಗೂಲಿಗೆ ಬರಲು ಹೇಳಿದ. ಮಧ್ಯಾಹ್ನ ಅದೊಂದು ಸುದ್ದಿ ಹಿಡಿದು ಮೆಟ್ಟಿಲು ಹತ್ತಿ ಬಂದರೆ ಅಮ್ಮ ಒಬ್ಬಳೇ ಕಿಟಕಿಯ ಬಳಿ ಕೂತಿದ್ದಳು. ಮುಖದಲ್ಲಿ ಏನೋ ಗೆಲುವಿತ್ತು.

“ಅಪ್ಪ ಎಲ್ಲಿ?”

“ರೈಲ್ವೆ ಸ್ಟೇಷನ್ ಹತ್ರ ಇನ್ನೊಂದು ಕ್ಲಬ್ ಇದೆಯಂತೆ. ಅಲ್ಲಿಗೆ ಹೋದ್ರು.”

“ದುಡ್ಡೆಲ್ಲಿಂದ ಬಂತಮ್ಮ ಅವನಿಗೆ?”

ಅಮ್ಮ ಸೆರಗಿನ ತುದಿ ತೋರಿಸಿದಳು. ಗಂಟು ಬಿಚ್ಚಿತ್ತು.

“ಅವರೇನೂ ಕೇಳ್ಲಿಲ್ಲ ಕಣೇ, ಪಾಪ. ನಾನೇ ಕೊಟ್ಟೆ. ಅವರೊಬ್ಬರೇ ಹೇಳಿದ್ದಿದ್ರೆ ನಾನು ನಂಬ್ತಿರ್ಲಿಲ್ಲ. ಎರಡು ರಾಜ ಇತ್ತು ಅಂತ ನೀನೇ ಹೇಳಿದ್ಯಲ್ಲ.”