ನೆಗೆಣ್ಣಿಯ ಹೆಸರಿನ ಹಿಂಡಿ

ಸತ್ತವಳ ದನಿಯಲ್ಲಿ ಎರಡು ವರ್ಷ ಫೋನಿನಲ್ಲಿ ಮಾತಾಡಿದವಳು ನಾನೇ. ಊರಲ್ಲಿ ಏನೇನೋ ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲ. ನಮ್ಮ ಮನೆಯಲ್ಲಿ ದೆವ್ವ ಇರಲಿಲ್ಲ. ಒಂದು ಸುಳ್ಳು ಇತ್ತು, ಆ ಸುಳ್ಳು ನನ್ನದು.

ಸತ್ತವಳೆಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಇಬ್ಬರೂ ಸೇರಿ ಹಿಂಡಿ ಮಾಡಿ ಮಾರುತ್ತಿದ್ದೆವು. ಶೇಂಗಾ, ಅಗಸೆ, ಗುರೆಳ್ಳು ಹುರಿದು, ಖಾರ, ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ ಅದು, ರೊಟ್ಟಿಗೆ ಹಚ್ಚಿಕೊಳ್ಳುವುದಕ್ಕೆ. ನಮ್ಮದು ಜೋಡಿ ಒನಕೆ. ಒಂದೇ ಒರಳು, ಎದುರುಬದುರು ಇಬ್ಬರು. ಅವಳ ಒನಕೆ ಬಿದ್ದಾಗ ನನ್ನದು ಮೇಲೆ, ನನ್ನದು ಬಿದ್ದಾಗ ಅವಳದು ಮೇಲೆ. ಜಗಳವಾಡಿ ವಾರಗಟ್ಟಲೆ ಮಾತು ಬಿಟ್ಟಾಗಲೂ ಒನಕೆ ಒಂದಕ್ಕೊಂದು ತಾಗಿದ್ದಿಲ್ಲ.

ಗುಡಗೇರಿಯ ಅಂಗಡಿ ಕಾಕಾ ನಮ್ಮ ಹಿಂಡಿಯನ್ನು ಡಬ್ಬಿಯಲ್ಲಿಟ್ಟು ತೂಗಿ ಮಾರುತ್ತಿದ್ದ. ಒಂದು ದಿನ, ದಿಲ್ಲಿಯ ಕಾಯಿದೆ ಇದೆ, ಇನ್ನು ಬಿಡಿ ಮಾಲು ನಡೆಯುವುದಿಲ್ಲ ಎಂದ. ಪಾಕೀಟು ಬೇಕು, ಅದರ ಮೇಲೆ ಆಹಾರ ಇಲಾಖೆ ಕೊಡುವ ನಂಬರು ಬೇಕು, ಮಾಡಿದವರ ಹೆಸರು, ಮಾಡಿದ ದಿನ, ಯಾವಾಗಿನೊಳಗೆ ತಿನ್ನಬೇಕು ಅನ್ನುವುದೂ ಬೇಕು. ಇಲ್ಲದಿದ್ದರೆ ಅವನ ಅಂಗಡಿಗೇ ಕುತ್ತು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನೆಗೆಣ್ಣಿ ಏಳರವರೆಗೆ ಓದಿದವಳು. ಹಿರಿಯಳೂ ಅವಳೇ. ಹಾಗಾಗಿ ಕಾಗದ ಅವಳ ಹೆಸರಲ್ಲಿ ಆಯಿತು. ಹದಿನಾಲ್ಕು ಅಂಕಿಯ ನಂಬರು, ಮೂಲೆಯಲ್ಲಿ ಅವಳ ಫೋಟೋ. ಎಲ್ಲರಿಗೂ ಕಾಣುವಂತೆ ಇಡಬೇಕೆಂಬುದೂ ಕಾಯಿದೆಯೇ ಅಂತೆ. ಕಟ್ಟು ಹಾಕಿಸಿ ಒರಳಿನ ಮೇಲಿನ ಗೋಡೆಗೆ ತೂಗುಹಾಕಿದೆವು.

ಆಮೇಲೆ ಅವಳು ಸತ್ತಳು. ಮುಂಜಾನೆ ಅಗಸೆ ಹುರಿಯುತ್ತ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳು. ನಾನು ಓಡಿಬಂದದ್ದು ಅಗಸೆ ಸೀದ ವಾಸನೆಗೆ. ನಮ್ಮ ಪದ್ಧತಿಯಂತೆ ಕೂರಿಸಿ ಹುಗಿದು ಬಂದೆವು.

ಆ ಸುದ್ದಿಯನ್ನು ಕಚೇರಿಗೆ ತಿಳಿಸಲಿಲ್ಲ. ತಿಳಿಸಿದರೆ ನಂಬರು ಹೋಗುತ್ತದೆ. ನಂಬರು ಹೋದರೆ ಕಾಕಾ ಪಾಕೀಟು ಇಟ್ಟುಕೊಳ್ಳುವುದಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿಯಿತು, ಮೂಲೆಯಲ್ಲಿ ಕೂತು ಸೊಸೆ ಹಾಕಿದ್ದನ್ನು ಉಣ್ಣುವ ಮುದುಕಿಯಾಗಬೇಕು. ಅದು ನನ್ನಿಂದ ಆಗದು. ನೆಗೆಣ್ಣಿಯ ಫೋನನ್ನು ಒರಳಿನ ಪಕ್ಕದ ಗೂಡಿನಲ್ಲಿಟ್ಟು ದಿನಾ ಚಾರ್ಜ್ ಮಾಡಿದೆ. ವರ್ಷಕ್ಕೊಮ್ಮೆ ಕಾಗದ ಹೊಸದು ಮಾಡಿಸುವಾಗ ಒಟಿಪಿ ಅದಕ್ಕೇ ಬರುತ್ತಿತ್ತು. ಯಾರಾದರೂ ಅವಳ ಹೆಸರು ಹಿಡಿದು ಕೇಳಿದರೆ ಹೌದ್ರಿ ಎನ್ನುತ್ತಿದ್ದೆ.

ಪಾಕೀಟಿನ ಮೇಲೆ ಅವಳ ಹೆಸರು, ಅದರ ಕೆಳಗೆ ಆ ವಾರದ ತಾರೀಕು. ಮಣ್ಣಿಗೆ ಹೋದ ಮೇಲೂ ಅವಳು ಮಾಡಿದ ಹಿಂಡಿಯನ್ನು ಮಂದಿ ತಿಂದರು. ಕಾಕಾನಿಗೆ ಎಲ್ಲ ಗೊತ್ತಿತ್ತು.

“ನಿಮ್ಮಕ್ಕ ಮಣ್ಣಾಗ ಕುಂತೂ ಕೆಲಸಾ ಬಿಡವಲ್ಲಳಲ್ರಿ,” ಎಂದು ನಗುತ್ತಿದ್ದ.

“ಜೀವ ಇದ್ದಾಗ ಬಿಡ್ಲಿಲ್ಲ, ಈಗೇನ್ ಬಿಡ್ತಾಳ,” ಎನ್ನುತ್ತಿದ್ದೆ ನಾನು.

ಕುಟ್ಟುವಾಗ ಒಬ್ಬಳೇ ನಿಂತರೂ ಕೈ ಹಳೆಯ ರೂಢಿ ಬಿಡಲಿಲ್ಲ. ಒನಕೆ ಎತ್ತಿ, ಅವಳದು ಬೀಳುವಷ್ಟು ಹೊತ್ತು ತಡೆದು, ಆಮೇಲೆ ಇಳಿಸುತ್ತಿದ್ದೆ. ತಡೆಯದೆ ಇಳಿಸಿದರೆ ಎಲ್ಲಿ ತಾಗೀತೋ ಎಂಬ ಅಂಜಿಕೆ. ಸೊಸೆ ಒಮ್ಮೆ, ಅತ್ತಿ, ಆ ಫೋನಿನಲ್ಲಿ ನೀವು ದೊಡ್ಡತ್ತಿಯ ಹಾಗೇ ಮಾತಾಡುತ್ತೀರಿ, ಕೆಮ್ಮೋದೂ ಹಾಗೇ ಎಂದಳು. ಹುಚ್ಚಿ ಎಂದು ಬೈದೆ. ನನಗೆ ಕೆಮ್ಮು ಇಲ್ಲ.

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ಗುರುವಾರ ಮಧ್ಯಾಹ್ನ ಗುರೆಳ್ಳು ಕುಟ್ಟಿ ಒನಕೆ ಒರಗಿಸಿದ ಮೇಲೆ, ಬಾಗಿಲಲ್ಲಿ ಒಬ್ಬ ಸಾಹೇಬ ನಿಂತದ್ದು ಕಂಡಿತು. ಆಹಾರ ತಪಾಸಣೆಯವನು. ನನ್ನ ಮಗನ ವಯಸ್ಸು, ಮೆತ್ತಗಿನ ಮಾತು. ಕುಟ್ಟುವುದು ನಿಲ್ಲಲಿ ಎಂದು ಹೊರಗೇ ಕಾಯುತ್ತಿದ್ದನಂತೆ. ಒಳಗೆ ಬಂದವನೇ ಒರಳಿನ ಆಚೆ ನೋಡಿದ.

“ಇನ್ನೊಬ್ರು ಎಲ್ಲಿ ಹೋದ್ರಿ?”

“ನಾನೊಬ್ಬಾಕಿನ ಇರೂದ್ರಿ.”

“ಇಬ್ರು ಕುಟ್ಟಾಕತ್ತಿದ್ರಿ. ಹೊರಗ ನಿಂತು ಕೇಳೇನಲ್ರಿ.”

ಎದುರು ಮನೆಯ ಗೋಡೆಗೆ ಬಡಿದು ವಾಪಸ್ಸು ಬಂದ ಸದ್ದು ಇರಬೇಕು. ಆ ಗೋಡೆ ಹಿಂದಿನ ಮಳೆಗಾಲದಲ್ಲೇ ಬಿದ್ದುಹೋಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಸಾಹೇಬ ನೀರಿನ ಹಂಡೆ ನೋಡಿದ, ಖಾರದ ಚೀಲ ಬಿಚ್ಚಿ ನೋಡಿದ, ತಲೆಗೆ ಬಟ್ಟೆ ಕಟ್ಟಿಕೊಂಡು ಕುಟ್ಟಬೇಕೆಂದ. ಎತ್ತಿ ಹೇಳುವಂಥ ತಪ್ಪೇನೂ ಸಿಗಲಿಲ್ಲ. ಬರೆಯುತ್ತ ಬರೆಯುತ್ತ, ಸೋಮವಾರವೇ ಬರುವವನಿದ್ದೆ, ಅಗಸೆ ಇನ್ನೂ ಆರಬೇಕು, ಗುರುವಾರ ಬನ್ನಿ ಎಂದು ನೀವೇ ಫೋನಿನಲ್ಲಿ ಹೇಳಿದಿರಿ, ಅದಕ್ಕೇ ಇವತ್ತು ಬಂದೆ ಎಂದ.

ಸೋಮವಾರ ನಾನು ಯಾರ ಹತ್ತಿರವೂ ಮಾತಾಡಿದ ನೆನಪಿಲ್ಲ. ಸೊಸೆಯ ಮುಖ ನೋಡಿದೆ. ಅವಳು ಮುಖ ಕೆಳಗೆ ಹಾಕಿದಳು. ಮಾತಾಡಿದ್ದು ಹೌದಂತೆ, ಆಮೇಲೆ ಹೇಳಿದಳು. ಒರಳಿನ ಹತ್ತಿರ ಗೋಡೆಯ ಕಡೆ ಮುಖ ಮಾಡಿ ನಿಂತು, ನಡುನಡುವೆ ಕೆಮ್ಮುತ್ತ ಮಾತಾಡಿದೆನಂತೆ. ಕಂಡವಳು ಅವಳು, ಇರಬೇಕು.

ಪರೀಕ್ಷೆಗೆ ಕಳಿಸಲು ಸಾಹೇಬ ಹಿಂಡಿಯನ್ನು ನಾಲ್ಕು ಪಾಲು ಮಾಡಿ ಕಟ್ಟಿದ. ಪ್ರತಿಯೊಂದಕ್ಕೂ ಒಂದು ಚೀಟಿ ಸುತ್ತಿ ಅರಗಿನ ಮುದ್ರೆ ಹಾಕಬೇಕು, ಚೀಟಿಯ ಮೇಲೆ ನಂಬರಿನ ಒಡತಿ ಸಹಿ ಮಾಡಬೇಕು. ಗೋಡೆಯ ಫೋಟೋ ನೋಡಿದ, ನನ್ನನ್ನು ನೋಡಿದ. ಇಬ್ಬರಿಗೂ ಹಣೆತುಂಬ ವಿಭೂತಿ, ತಲೆಯ ಮೇಲೆ ಸೆರಗು. ಪೆನ್ನು ನನ್ನ ಕೈಗೆ ಕೊಟ್ಟ.

ಅಲ್ಲಿಯವರೆಗೆ ಬಾಯಲ್ಲಿ ಹೌದ್ರಿ ಎಂದಿದ್ದೆನೇ ಹೊರತು ಅವಳ ಹೆಸರನ್ನು ಬರೆದಿರಲಿಲ್ಲ. ನನ್ನ ಅಕ್ಷರ ದಪ್ಪ, ಒಂದೊಂದೂ ದೂರದೂರ, ಮೂರನೆಯ ಇಯತ್ತೆಯದು. ಅಂದು ಚೀಟಿಯ ಮೇಲೆ ಬಿದ್ದ ಅಕ್ಷರ ಸಣ್ಣವು, ಎಡಕ್ಕೆ ವಾಲಿದವು. ನೆಗೆಣ್ಣಿ ಹಾಗೆ ಬರೆಯುತ್ತಿದ್ದಳು. ಎರಡು ಅಕ್ಷರ ಮುಗಿದ ಮೇಲೆ ನೋಡಿದೆ. ಕೈ ಮೂರನೆಯದಕ್ಕೆ ಹೊರಟಿತ್ತು.

ಎಡಗೈಯಿಂದ ಬಲಗೈ ಹಿಡಿದುಕೊಂಡೆ. ಇದನ್ನು ಪೂರ್ತಿ ಬರೆದರೆ ನಾಳೆ ನಾನು ಸತ್ತಾಗ ಯಾವ ಕಾಗದದಲ್ಲೂ ನಾನು ಸಾಯುವುದಿಲ್ಲ, ಯಾಕೆಂದರೆ ನಾನು ಇದ್ದೆ ಅನ್ನುವುದೇ ಎಲ್ಲೂ ಇರುವುದಿಲ್ಲ ಅನಿಸಿತು. ಪೆನ್ನು ಕೆಳಗಿಟ್ಟೆ.

“ಸಾಹೇಬ್ರ, ಈ ಹೆಸರಿನಾಕಿ ಸತ್ತು ಎರಡು ವರ್ಷಾತು. ನಾನು ಆಕಿ ನೆಗೆಣ್ಣಿ.”

ಅವನು ಬಹಳ ಹೊತ್ತು ಫೋಟೋ ನೋಡಿದ.

“ಮತ್ತ ಸೋಮವಾರ ನನ್ನ ಕೂಡ ಮಾತಾಡಿದಾವ್ರು ಯಾರ್ರಿ?”

“ನಾನ.”

“ಅವರ ದನಿ ಬ್ಯಾರೆ ಇತ್ರಿ ಯವ್ವಾ,” ಎಂದ, ಸಣ್ಣಗೆ.

ರೇಗಾಡಲಿಲ್ಲ. ಸತ್ತವರ ನಂಬರಿನಲ್ಲಿ ಮನೆಯವರು ಮೂರು ತಿಂಗಳು ವ್ಯಾಪಾರ ಮಾಡಲು ಕಾಯಿದೆಯೇ ಬಿಡುತ್ತದೆ, ಅಷ್ಟರೊಳಗೆ ಬಂದಿದ್ದರೆ ನಿಮ್ಮ ಹೆಸರಿಗೆ ಮಾಡಿಕೊಡುತ್ತಿದ್ದೆವು ಎಂದ. ಎರಡು ವರ್ಷ ನಾನು ಹೆದರಿದ್ದು ಒಂದು ಅರ್ಜಿಗೆ. ಈಗ ಈ ನಂಬರು ರದ್ದಾಗುತ್ತದೆ, ಕಾಕಾನ ಅಂಗಡಿಯಲ್ಲಿರುವ ಪಾಕೀಟು ವಾಪಸ್ಸು ತರಬೇಕು, ನಿಮ್ಮ ಹೆಸರಲ್ಲಿ ಹೊಸ ಕಾಗದ ಆಗುವವರೆಗೆ ಒಂದು ಚಿಟಿಕೆ ಹಿಂಡಿಯೂ ಹೊರಗೆ ಹೋಗಬಾರದು ಎಂದ. ದಂಡದ ಮಾತು ಮೇಲಿನವರಿಗೆ ಬಿಟ್ಟದ್ದಂತೆ. ಎರಡು ಅಕ್ಷರದ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಗೋಡೆಯ ಕಾಗದ ಇಳಿಸಿ ಎಂದ. ನನ್ನ ಕೈ ಏಳಲಿಲ್ಲ, ಸೊಸೆ ಇಳಿಸಿದಳು. ಖಾರದ ಧೂಳಿಗೆ ಗೋಡೆಯೆಲ್ಲ ಕೆಂಪಾಗಿತ್ತು, ಅದರ ಹಿಂದಿನ ಜಾಗವೊಂದೇ ಬೆಳ್ಳಗಿತ್ತು.

ಸಾಹೇಬನ ಗಾಡಿಯ ಸದ್ದು ಮರೆಯಾದ ಮೇಲೆ ಗೂಡಿನಲ್ಲಿ ನೆಗೆಣ್ಣಿಯ ಫೋನು ರಿಂಗಾಯಿತು. ಸಿಮ್ ಕಂಪನಿಯವರದೇ ಇರಬೇಕು. ಸೊಸೆ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಆಗಲೇ ಎದ್ದಿತ್ತು, ಗಂಟಲಲ್ಲಿ ಕೆಮ್ಮು ಬಂದು ನಿಂತಿತ್ತು. ಉಗುಳು ನುಂಗಿದೆ. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಅದು ರಿಂಗಾಗಿ ರಿಂಗಾಗಿ ನಿಲ್ಲುವವರೆಗೆ ನಿಂತೆ.

ಮರುದಿನ ಬೆಳಿಗ್ಗೆ ಅವಳ ಸಾವಿನ ದಾಖಲೆ, ನನ್ನ ಆಧಾರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಕುಂದಗೋಳಕ್ಕೆ ಹೋದೆ. ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯವನು ಗೋಡೆಗೆ ಒರಗಿಸಿ ನಿಲ್ಲಿಸಿ ಫೋಟೋ ಹೊಡೆದ. ಆಮೇಲೆ ಕೂತು, ಹೆಸರು ಹೇಳ್ರಿ ಎಂದ. ಒಂದು ಒನಕೆ ಬೀಳುವಷ್ಟು ಹೊತ್ತು ತಡೆದೆ. ಆಮೇಲೆ ನನ್ನ ಹೆಸರು ಹೇಳಿದೆ.