ಮುತ್ತುಗದ ಮರದಡಿ ಅಮ್ಮ ನಕ್ಕಿದ್ದು

ಹೋಳಿ ಮುಗಿದು ಐದನೆಯ ದಿನ, ಬಣ್ಣದ ಗಲಾಟೆ ತೀರಿತೆಂದು ಬಿಳಿ ಅಂಗಿ ತೊಟ್ಟು ಕಾಲೇಜಿಗೆ ಪಾಠ ಮಾಡಲು ಹೊರಟವನ ತಲೆಯ ಮೇಲೆ ಒಂದು ತಂಬಿಗೆ ಬೆಚ್ಚನೆಯ ಹಳದಿ ನೀರು ಬಿತ್ತು. ನಾನು ಕೋಲಾರದಿಂದ ಬೆಳಗಾವಿಗೆ ಬಂದ ಮೊದಲ ವರ್ಷ ಅದು. ನಾನು ಬಾಡಿಗೆಗಿದ್ದ ವಡಗಾವಿ ಬಡಾವಣೆಯವರು ಬಣ್ಣ ಆಡುವುದು ರಂಗಪಂಚಮಿಗೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನೀರು ಸುರಿದವರು ಮನೆಯ ಒಡತಿ ಶಾಂತಾ ಕಾಕು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇಲ್ಲಿ ಕನ್ನಡದವರೂ ಹಾಗೇ ಕರೆಯುತ್ತಾರೆ. ಕೆಂಡದ ಬಣ್ಣದ ಮುತ್ತುಗದ ಹೂವನ್ನು ಕುದಿಸಿದರೆ ಹಳದಿ ಬಿಡುತ್ತದೆಂದು ಅವತ್ತು ತಿಳಿಯಿತು.

ಹೊಸ ಊರು ಕಲಿಯುವುದೆಂದರೆ ಹೀಗೆಯೇ. ಅಲ್ಲಿಯ ಸೀಬೆ ಇಲ್ಲಿ ಪೇರಲ. ಅಲ್ಲಿ ರಾಗಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಅಲ್ಲಿ ಮೌನದಲ್ಲಿ ನಿದ್ದೆ ಬರುತ್ತಿತ್ತು. ಇಲ್ಲಿ ಕಾಕು ಮನೆಯ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಇಷ್ಟು ವರ್ಷಗಳಲ್ಲಿ ಎಲ್ಲಕ್ಕೂ ಒಗ್ಗಿದೆ. ಆದರೂ ಊರು ಎಂದರೆ ಕೋಲಾರವೇ ಎನ್ನಲು ನನ್ನ ಬಳಿ ಒಂದು ನೆನಪಿತ್ತು: ನಮ್ಮ ಕೆರೆಯ ಆಚೆ, ಎಲೆಯೆಲ್ಲ ಉದುರಿ ಬರೀ ಹೂವಾಗಿ ನಿಂತ ಮುತ್ತುಗ. ಅದರಡಿ ಅಮ್ಮ. ಬಾಗಿದ ಎಸಳನ್ನು ಮೂಗಿಗೆ ಹಿಡಿದು, ಗಿಣಿಯಂತೆ ಕತ್ತು ಕೊಂಕಿಸಿ ನಗುತ್ತಿದ್ದಳು. ಅಮ್ಮ ನಕ್ಕ ನೆನಪು ನನಗಿರುವುದು ಇದೊಂದೇ.

ಈ ವಸಂತದಲ್ಲಿ ಕಾಕು ಹೂವು ತರಲು ಖಾನಾಪುರದ ಕಡೆ ತಮ್ಮ ತವರು ಪಾರಿಶ್ವಾಡಕ್ಕೆ ಹೊರಟಾಗ ನಾನೂ ಹೋದೆ. ಹೊಲದ ಬದುವಿನ ಮೇಲೆ ಮರಗಳು ಕಣ್ಣು ಕುಕ್ಕುವಂತೆ ಅರಳಿದ್ದವು. ಮೊಗ್ಗಿನ ತೊಟ್ಟು ಕಪ್ಪು ಮಖಮಲ್ಲು, ಎಸಳು ಉರಿಯುವ ಕಿತ್ತಳೆ. ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕಾಕುಗೆ ಅಮ್ಮನ ಕಥೆ ಹೇಳಿದೆ.

ಕಾಕು ಹೂವು ಆರಿಸುವುದನ್ನು ನಿಲ್ಲಿಸಿದರು. "ಸರ, ಅದು ನಿಮ್ಮ ಊರಾಗಲ್ಲರಿ. ಇಲ್ಲೇ. ಮೊದಲನೇ ವರ್ಷ ನಿಮ್ಮವ್ವ ಬಂದಿದ್ರಲ್ಲ, ನಾನs ನಿಮ್ಮಿಬ್ಬರನ್ನೂ ಕರಕೊಂಡ ಬಂದಿದ್ದೆ."

"ಇಲ್ಲ ಕಾಕು, ಆಗ ನಾನು ಸಣ್ಣವನು."

"ಎಲ್ಲಿ ಸಣ್ಣಾವ್ರು? ಆಗಲೇ ಅರ್ಧಾ ತಲಿ ಬೋಳ ಆಗಿತ್ತು ನಿಮ್ದು. ಸೀರಿ ಯಾವ ಬಣ್ಣದ್ದ ಉಟ್ಟಿದ್ರು, ಹೇಳ್ರಿ ನೋಡೂಣು."

"ಹಸಿರು. ಕೆಂಪು ಅಂಚು."

"ಮತ್ತ? ಅದು ನಮ್ಮ ಮಗ್ಗದ ಸೀರಿ. ಖರೇನ ಹೇಳ್ತೀನಿ, ನಾನs ಉಡಿಸಿದ್ದೆ."

ದಾಖಲೆಯಿಲ್ಲದ್ದನ್ನು ನಂಬಬೇಡಿ ಎಂದು ಇತಿಹಾಸದ ತರಗತಿಯಲ್ಲಿ ಹೇಳುವವನು ನಾನು. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ನಮ್ಮ ಕೆರೆ ಹತ್ರ ಮುತ್ತುಗ ಎಲ್ಲಿತ್ತೋ? ನೀಲಗಿರಿ ತೋಪು ಅಲ್ವಾ ಅದು" ಎಂದಳು ಅಕ್ಕ. "ಅಪ್ಪ ಇರೋವರೆಗೂ ಆ ಮನೇಲಿ ಅಮ್ಮ ನಕ್ಕಿದ್ದು ನಾನಂತೂ ನೋಡ್ಲಿಲ್ಲ. ನೀನು ನೋಡಿದ್ಯಾ?"

ಅಪ್ಪ ತೀರಿಹೋದ ಮರುವರ್ಷ ಅಮ್ಮ ಬೆಳಗಾವಿಗೆ ಬಂದಿದ್ದಳು. ಅದೇ ಮಳೆಗಾಲದಲ್ಲಿ ಅವಳೂ ತೀರಿಕೊಂಡಳು. ಪ್ರತಿ ವರ್ಷ ರಜೆಯಲ್ಲಿ ಕೋಲಾರಕ್ಕೆ ಹೋಗಿ ಕೆರೆ ಏರಿಯ ಮೇಲೆ ನಿಂತು ನಾನು ಹುಡುಕಿದ್ದು ಅಲ್ಲಿ ಎಂದೂ ನಡೆಯದಿದ್ದ ಸಂಗತಿಯನ್ನು. ನಡೆದದ್ದು ಇಲ್ಲಿ, ನಾನು ಬಾಡಿಗೆಯ ಊರು ಎಂದುಕೊಂಡ ಕಡೆ. ಅಂಗೈಯ ಹೂವು ಎಂದಿಗಿಂತ ಚೆಲುವಾಗಿತ್ತು, ಅದರಿಂದ ಸಮಾಧಾನವೇನೂ ಆಗಲಿಲ್ಲ. ಬಾಲ್ಯದ ನೆನಪುಗಳಲ್ಲಿ ತಡಕಾಡಿದೆ, ಅಮ್ಮನ ಬೆನ್ನು ಕಾಣಿಸಿತು, ಮುಖ ಕಾಣಿಸಲಿಲ್ಲ.

"ಯಾವ ಮರ ಕಾಕು?"

"ಇದರಾಗ ಯಾವುದೋ ಒಂದರಿ. ಎಲ್ಲಾ ಒಂದs ಥರಾ ಅದಾವ."

ವಾಪಸು ಬರುವಾಗ ಖಾನಾಪುರದಲ್ಲಿ ಚಹಾಕ್ಕೆ ನಿಂತೆವು. ನನ್ನ ಮಾತಿನ ಧಾಟಿ ಕೇಳಿ ಅಂಗಡಿಯವನು, "ಸರ, ಯಾವ ಊರ್ರಿ ನಿಮ್ದು?" ಎಂದ. ಕಾಕು ನನ್ನ ಮುಖ ನೋಡಿದರು.

ಕೋಲಾರ ಎಂದೆ. ಸುಳ್ಳು ಹೇಳಿದಂತಾಯಿತು. ವಡಗಾವಿ ಎಂದಿದ್ದರೂ ಹಾಗೆಯೇ ಆಗುತ್ತಿತ್ತು.